ನದಿಯಿಲ್ಲದ ಸೀಮೆಯಿಂದ ಗಂಗೆಯ ಸೇತುವೆಯವರೆಗೆ

ಚಿಂತಾಮಣಿ: ಇಲ್ಲಿಂದ ಶಿಡ್ಲಘಟ್ಟ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ಹತ್ತಿದವರಿಗೆ ದಾರಿಯುದ್ದಕ್ಕೂ ಸಣ್ಣ ಸಣ್ಣ ಸೇತುವೆಗಳು ಸಿಗುತ್ತವೆ. ಕಿಟಕಿಯಿಂದ ಇಣುಕಿದರೆ ಕೆಳಗೆ ನೀರು ಕಾಣುವುದು ಅಪರೂಪ. ಮರಳು, ಕಲ್ಲು, ಜಾಲಿ ಮುಳ್ಳು, ಎಲ್ಲೋ ಒಂದು ಕೆರೆಯ ಕೋಡಿಯ ಗುರುತು. ವರ್ಷದಲ್ಲಿ ಕೆಲವೇ ದಿನ ಹರಿಯುವ ಹಳ್ಳಗಳಿಗೆ ಕಟ್ಟಿದ ಸೇತುವೆಗಳಿವು. ಇದೇ ಸೀಮೆಯಲ್ಲಿ ಹುಟ್ಟಿ, ಒಣ ಹಳ್ಳಗಳನ್ನು ನೋಡುತ್ತ ಬೆಳೆದ ಬಾಲಕನೊಬ್ಬ ಮುಂದೆ ಸಿಂಧೂ, ಮೂಸಿ, ಕಾವೇರಿ ನದಿಗಳ ಲೆಕ್ಕ ಹಾಕಿದ. ತೊಂಬತ್ತು ವರ್ಷ ದಾಟಿದ ಮೇಲೆ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆಗೂ ಉತ್ತರ ಹುಡುಕಿದ. ಆತನೇ ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ಸರ್ ಎಂ.ವಿ. ಎಂದರೆ ಕನ್ನಡಿಗರಿಗೆ ಕನ್ನಂಬಾಡಿ ಕಟ್ಟೆ. ಅದು ಸಹಜ. ಆದರೆ ಅವರ ಬದುಕಿನ ಕೊನೆಯ ದೊಡ್ಡ ಹೊಣೆಗಳಲ್ಲಿ ಒಂದು ಕರ್ನಾಟಕದಿಂದ ಬಹುದೂರದ ಬಿಹಾರದಲ್ಲಿತ್ತು ಎಂಬುದನ್ನು ಬಲ್ಲವರು ಕಡಿಮೆ. ಮೊಕಾಮಾ ಎಂಬಲ್ಲಿ ಗಂಗೆಯ ಮೇಲೆ ನಿಂತಿರುವ ರಾಜೇಂದ್ರ ಸೇತುವೆಯ ಸ್ಥಳ ನಿರ್ಣಯದಲ್ಲಿ ಅವರ ಪಾತ್ರವಿದೆ. ಆ ಸೇತುವೆಯ ಕತೆಯನ್ನು ಅವರ ಜೀವನದ ಜೊತೆ ಇಟ್ಟು ನೋಡಿದರೆ, ಈ ಎಂಜಿನಿಯರ್ ಕಟ್ಟುವುದಕ್ಕೆ ಮೊದಲು ಏನು ಮಾಡುತ್ತಿದ್ದರು ಎಂಬುದು ತಿಳಿಯುತ್ತದೆ.

ಮುದ್ದೇನಹಳ್ಳಿಯ ಮನೆ

ಚಿಕ್ಕಬಳ್ಳಾಪುರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ನಂದಿಬೆಟ್ಟದ ಸಾಲಿನ ಮಗ್ಗುಲಿಗೆ ಮುದ್ದೇನಹಳ್ಳಿ ಇದೆ. ವಿಶ್ವೇಶ್ವರಯ್ಯನವರು 1860ರ ಸೆಪ್ಟೆಂಬರ್ 15ರಂದು ಹುಟ್ಟಿದ್ದು ಇಲ್ಲಿ. ಪೂರ್ವಜರು ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಎಂಬ ಊರಿನಿಂದ ಬಂದವರು. ಮನೆತನಕ್ಕೆ ಆ ಹೆಸರೇ ಉಳಿಯಿತು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆ ಇತ್ತು, ಹಣವಿರಲಿಲ್ಲ.

ಈ ಸೀಮೆಯ ವಿಚಿತ್ರವೆಂದರೆ, ನಂದಿಬೆಟ್ಟದ ಸುತ್ತಮುತ್ತ ಹುಟ್ಟುವ ನದಿಗಳಿಗೆ ಲೆಕ್ಕವಿಲ್ಲ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳ ಮೂಲ ಈ ಬೆಟ್ಟಸಾಲಿನಲ್ಲಿದೆ. ಆದರೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಬಿದ್ದ ಮಳೆಯನ್ನು ಕೆರೆಯಿಂದ ಕೆರೆಗೆ ಇಳಿಸಿ ಹಿಡಿದಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ತೂಬು, ಕೋಡಿ, ಏರಿ, ಕಾಲುವೆ ಇವು ಈ ಭಾಗದ ಮಕ್ಕಳು ಆಟವಾಡುತ್ತಲೇ ಕಲಿಯುವ ಪದಗಳಾಗಿದ್ದವು.

ಬಾಲಕ ವಿಶ್ವೇಶ್ವರಯ್ಯ ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ಶಿಕ್ಷಣ ಪಡೆದರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿದ್ದು, ಮನೆಪಾಠ ಹೇಳಿಕೊಟ್ಟು ಖರ್ಚು ತೂಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಆಗ ಮೈಸೂರಿನ ದಿವಾನರಾಗಿದ್ದ ರಂಗಾಚಾರ್ಲು ಅವರ ಕಾಲದಲ್ಲಿ ಸಂಸ್ಥಾನದ ವಿದ್ಯಾರ್ಥಿವೇತನ ದೊರೆಯಿತು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ಸಿಕ್ಕಿತು.

ಹಳ್ಳದ ಅಡಿಯ ದಾರಿ

ನೌಕರಿಯ ಆರಂಭದಲ್ಲೇ ಬಂದ ಕೆಲಸ ಖಾನದೇಶದ ಧುಳೆ ಪ್ರಾಂತದ್ದು. ನೀರನ್ನು ಹಳ್ಳವೊಂದರ ಈಚೆಯಿಂದ ಆಚೆಗೆ ದಾಟಿಸಬೇಕು. ಮೇಲೆ ಸೇತುವೆ ಕಟ್ಟಿ ಒಯ್ಯುವ ಬದಲು ಕೊಳವೆಯನ್ನು ಹಳ್ಳದ ಅಡಿಯಲ್ಲಿ ಇಳಿಸಿ, ಆಚೆ ದಡದಲ್ಲಿ ಮತ್ತೆ ಮೇಲಕ್ಕೆ ಏರಿಸುವ ವಿಧಾನವೊಂದಿದೆ. ಇದನ್ನು ಸೈಫನ್ ಎನ್ನುತ್ತಾರೆ. ಒಂದು ಬದಿಯ ನೀರಿನ ಮಟ್ಟ ಇನ್ನೊಂದು ಬದಿಗಿಂತ ಎತ್ತರದಲ್ಲಿದ್ದರೆ, ಆ ಒತ್ತಡದಿಂದಲೇ ನೀರು ತಗ್ಗಿಗೆ ಇಳಿದು ಮತ್ತೆ ಏರಿ ಹರಿಯುತ್ತದೆ. ಸೇತುವೆಯನ್ನು ತಲೆಕೆಳಗು ಮಾಡಿ ಹೂಳಿದಂತೆ. ಮಳೆಗಾಲದ ಪ್ರವಾಹಗಳ ನಡುವೆ ಯುವ ಎಂಜಿನಿಯರ್ ಇದನ್ನು ಮುಗಿಸಿಕೊಟ್ಟರು.

ಮುಂದಿನ ದೊಡ್ಡ ಪರೀಕ್ಷೆ ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣದಲ್ಲಿ ಎದುರಾಯಿತು. ಸಿಂಧೂ ನದಿ ಪಕ್ಕದಲ್ಲೇ ಹರಿದರೂ ಅದರ ನೀರು ಮಣ್ಣಿನಿಂದ ಕೂಡಿದ ಕೆನ್ನೀರು. ಅದನ್ನು ಶೋಧಿಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿರಲಿಲ್ಲ. ವಿಶ್ವೇಶ್ವರಯ್ಯ ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ಜಿನುಗಿ ತಿಳಿಯಾಗುವ ನೀರನ್ನು ಅದರಲ್ಲಿ ಸಂಗ್ರಹಿಸಿದರು. ಅಲ್ಲಿಂದ ಪಂಪಿನ ಮೂಲಕ ಗುಡ್ಡದ ಮೇಲಿನ ಜಲಾಗಾರಕ್ಕೆ ಏರಿಸಿ ಊರಿಗೆ ಬಿಟ್ಟರು. ನದಿಯೇ ತನ್ನ ನೀರನ್ನು ತಾನು ಸೋಸಿಕೊಡುವಂತೆ ಮಾಡಿದ ಈ ಯೋಜನೆ 1895ರ ಹೊತ್ತಿಗೆ ಪೂರ್ಣವಾಯಿತು.

ಬೇಸಿಗೆಯಲ್ಲಿ ಒಣಗಿದ ಹಳ್ಳದಲ್ಲಿ ಚಿಲುಮೆ ತೋಡಿ ಕೊಡ ತುಂಬಿಸಿಕೊಳ್ಳುವುದು ನಮ್ಮ ಬಯಲುಸೀಮೆಯ ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ. ಸಕ್ಕರಿನ ಬಾವಿಯ ತತ್ವವೂ ಅದೇ. ಬಾಲ್ಯದಲ್ಲಿ ಕಂಡದ್ದೇ ನೆರವಿಗೆ ಬಂತೆಂದು ಹೇಳಲು ದಾಖಲೆ ಇಲ್ಲ. ಎರಡರ ಹೋಲಿಕೆ ಮಾತ್ರ ಕಣ್ಣಿಗೆ ಕಾಣುವಂತಿದೆ.

ಪುಣೆಗೆ ನೀರೊದಗಿಸುವ ಖಡಕ್‌ವಾಸ್ಲಾ ಜಲಾಶಯದ ತೊಂದರೆ ಬೇರೆಯದು. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಬೇಕು, ಆದರೆ ಪ್ರವಾಹ ಬಂದಾಗ ಕಟ್ಟೆಗೆ ಅಪಾಯವಾಗಬಾರದು. ಅವರು ಕೋಡಿಯ ಮೇಲೆ ತಾನೇ ತೆರೆದು ತಾನೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. ನೀರು ನಿಗದಿತ ಮಟ್ಟ ಮೀರಿದಾಗ ತೂಕದ ಸಮತೋಲ ತಪ್ಪಿ ಬಾಗಿಲು ಏಳುತ್ತದೆ, ಮಟ್ಟ ಇಳಿದಾಗ ಮತ್ತೆ ಕೂರುತ್ತದೆ. ನಡುರಾತ್ರಿ ಪ್ರವಾಹ ಬಂದರೂ ಕಾವಲುಗಾರ ಓಡಿಬಂದು ತಿರುಗಿಸಬೇಕಾದ ಅಗತ್ಯವಿಲ್ಲ. 1903ರಲ್ಲಿ ಅಲ್ಲಿ ಅಳವಡಿಸಿದ ಈ ಬಾಗಿಲುಗಳಿಂದ ಸುಮಾರು 8 ಅಡಿಯಷ್ಟು ಹೆಚ್ಚುವರಿ ನೀರು ನಿಂತಿತು. ಅವರು ಇದಕ್ಕೆ ಪೇಟೆಂಟ್ ಪಡೆದರೂ ಸರ್ಕಾರದಿಂದ ಗೌರವಧನ ಸ್ವೀಕರಿಸಲಿಲ್ಲ. ಇದೇ ಮಾದರಿಯ ಬಾಗಿಲುಗಳು ಮುಂದೆ ಗ್ವಾಲಿಯರ್ ಬಳಿಯ ತಿಗ್ರಾ ಅಣೆಕಟ್ಟೆಗೂ ಕನ್ನಂಬಾಡಿಗೂ ಬಂದವು.

ಸಾರ್ವಜನಿಕ ಹಣದಿಂದ ತಂದ ನೀರು ಯಾರಿಗೆ ಸಿಗಬೇಕು ಎಂಬ ಪ್ರಶ್ನೆಯನ್ನೂ ಅವರು ಕೈಬಿಡಲಿಲ್ಲ. 1899ರ ಸುಮಾರಿನಲ್ಲಿ ಮುಂಬಯಿ ಪ್ರಾಂತದ ಕಾಲುವೆಗಳಿಗಾಗಿ ರೂಪಿಸಿದ ಬ್ಲಾಕ್ ಪದ್ಧತಿಯಲ್ಲಿ ಅಚ್ಚುಕಟ್ಟನ್ನು ಭಾಗಗಳಾಗಿ ವಿಂಗಡಿಸಿ, ಬೆಳೆಗಳನ್ನು ಸರದಿಯಂತೆ ಬದಲಿಸಿ, ಹೆಚ್ಚು ಹಳ್ಳಿಗಳಿಗೆ ನೀರು ಹಂಚುವ ವ್ಯವಸ್ಥೆಯಿತ್ತು. ಕಾಲುವೆಯ ತಲೆಭಾಗದವರೇ ನೀರೆಲ್ಲ ಬಳಸಿ ಕೊನೆಭಾಗದವರು ಒಣಗುವುದು ಅಂದಿಗೂ ಇಂದಿಗೂ ಇರುವ ಕಷ್ಟವಷ್ಟೆ.

ಮೂಸಿಯ ದುರಂತ, ಕಾವೇರಿಯ ಪಂಥ

ಮುಂಬಯಿ ಸರ್ಕಾರದಲ್ಲಿ ಎಷ್ಟೇ ಹೆಸರು ಗಳಿಸಿದರೂ ಅತ್ಯುನ್ನತ ಎಂಜಿನಿಯರ್ ಹುದ್ದೆ ಭಾರತೀಯನೊಬ್ಬನಿಗೆ ದಕ್ಕುವ ಕಾಲ ಅದಾಗಿರಲಿಲ್ಲ. ವಿಶ್ವೇಶ್ವರಯ್ಯ ಅವಧಿಗೆ ಮೊದಲೇ ನಿವೃತ್ತಿ ಬಯಸಿ ವಿದೇಶ ಪ್ರವಾಸಕ್ಕೆ ಹೊರಟರು. ಅಷ್ಟರಲ್ಲಿ 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಜೀವ ಕಳೆದುಕೊಂಡರು. ನಿಜಾಮ್ ಸರ್ಕಾರದ ಕರೆಯ ಮೇರೆಗೆ ಅವರು 1909ರಲ್ಲಿ ಹೈದರಾಬಾದಿಗೆ ಬಂದರು. ಊರಿನೊಳಗೆ ಗೋಡೆ ಎಬ್ಬಿಸುವುದರಿಂದ ಮಾತ್ರ ಊರು ಉಳಿಯದು, ಊರಿಗೆ ಬರುವ ಮೊದಲೇ ನೀರನ್ನು ತಡೆದು ನಿಲ್ಲಿಸಬೇಕೆಂಬುದು ಅವರ ಸಲಹೆಯ ಸಾರ. ಅದರಂತೆ ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು.

1909ರ ಕೊನೆಯಲ್ಲಿ ತವರು ಸಂಸ್ಥಾನ ಅವರನ್ನು ಮುಖ್ಯ ಎಂಜಿನಿಯರ್ ಆಗಿ ಕರೆಸಿಕೊಂಡಿತು. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆ ಆರಂಭವಾಗಿ, ಸುಮಾರು 92 ಮೈಲಿ ದೂರದ ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗೆ ಹರಿಯುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಯ ಯಂತ್ರಗಳು ನಿಲ್ಲುವ ಭಯ. ಗಣಿಗೆ ವಿದ್ಯುತ್ತು ಬೇಕು, ಮಂಡ್ಯದ ಒಣಭೂಮಿಗೆ ನೀರು ಬೇಕು. ಎರಡಕ್ಕೂ ಒಂದೇ ಕಟ್ಟೆ ಎಂಬ ಯೋಚನೆಯಿಂದ ಕನ್ನಂಬಾಡಿ ಯೋಜನೆ ರೂಪುಗೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಒಪ್ಪಿಗೆ ದೊರೆತು 1911ರಲ್ಲಿ ಕೆಲಸ ಆರಂಭವಾಯಿತು.

ಇಲ್ಲೊಂದು ಪಂಥವಿತ್ತು. ಕೆಳಗಿನ ಮದ್ರಾಸ್ ಸರ್ಕಾರ ಆಕ್ಷೇಪಿಸಿದ್ದರಿಂದ ಮೊದಲ ಹಂತದಲ್ಲಿ ಸುಮಾರು 11 ಟಿಎಂಸಿ ನೀರು ನಿಲ್ಲಿಸಲು ಮಾತ್ರ ಅನುಮತಿ ಸಿಕ್ಕಿತು. ಅಷ್ಟಕ್ಕೆ ಸಾಕಾಗುವ ಅಡಿಪಾಯ ಹಾಕಿದ್ದರೆ ಮುಂದೆಂದೂ ಕಟ್ಟೆಯನ್ನು ಎತ್ತರಿಸಲಾಗುತ್ತಿರಲಿಲ್ಲ. ವಿಶ್ವೇಶ್ವರಯ್ಯ ಪೂರ್ಣ ಎತ್ತರಕ್ಕೆ ಬೇಕಾದ ಅಗಲದ ಅಡಿಪಾಯವನ್ನೇ ಹಾಕಿಸಿದರು. ಉಳಿದ ಅನುಮತಿ ಸಿಗದೇಹೋಗಿದ್ದರೆ ಸಂಸ್ಥಾನದ ಬೊಕ್ಕಸದ ದೊಡ್ಡ ಮೊತ್ತ ನೆಲದಲ್ಲಿ ಹೂತಂತಾಗುತ್ತಿತ್ತು. ವ್ಯಾಜ್ಯ ವರ್ಷಗಟ್ಟಲೆ ನಡೆದು 1924ರ ಒಪ್ಪಂದದಲ್ಲಿ ಕೊನೆಗೊಂಡಿತು. ಸುಮಾರು 8,600 ಅಡಿ ಉದ್ದದ ಕಟ್ಟೆ 1930ರ ದಶಕದ ಆರಂಭದಲ್ಲಿ ಪೂರ್ಣವಾಗಿ, ಈಗ 49 ಟಿಎಂಸಿಗೂ ಹೆಚ್ಚು ನೀರು ಹಿಡಿಯುತ್ತದೆ. ಸಿಮೆಂಟು ದುಬಾರಿಯಾಗಿದ್ದ ಕಾಲದಲ್ಲಿ ಸುಣ್ಣಕ್ಕೆ ಸುಟ್ಟ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆ ಅದು.

ಇದಕ್ಕೆ ತೆತ್ತ ಬೆಲೆಯನ್ನೂ ಮರೆಯುವಂತಿಲ್ಲ. ಹಳೆಯ ಕನ್ನಂಬಾಡಿಯೂ ಸುತ್ತಲಿನ ಹಳ್ಳಿಗಳೂ ನೀರಿನಲ್ಲಿ ಮುಳುಗಿದವು. ವೇಣುಗೋಪಾಲಸ್ವಾಮಿ ದೇಗುಲ ಹಿನ್ನೀರಿನ ಪಾಲಾಗಿ, ಬಹುಕಾಲದ ನಂತರ ಹೊಸ ಕನ್ನಂಬಾಡಿಯ ದಡದಲ್ಲಿ ಮರುನಿರ್ಮಾಣಗೊಂಡಿತು. ಮಂಡ್ಯದ ಹಸಿರಿನ ಹಿಂದೆ ಮನೆಮಠ ಬಿಟ್ಟು ಹೊರಟವರ ನೆನಪೂ ಇದೆ.

ದಿವಾನಗಿರಿ ಮತ್ತು ಕಬ್ಬಿಣ

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿದವು. ಶ್ರೀಗಂಧದ ಎಣ್ಣೆ ಮತ್ತು ಸಾಬೂನು ಕಾರ್ಖಾನೆಗಳೂ ಈ ಕಾಲದವೇ. ಯಶವಂತಪುರದಿಂದ ಚಿಕ್ಕಬಳ್ಳಾಪುರಕ್ಕೆ, ಕೋಲಾರದಿಂದ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಚಿಕ್ಕಬಳ್ಳಾಪುರಕ್ಕೆ ಪುಟ್ಟ ರೈಲು ಬಂದದ್ದೂ 1910ರ ದಶಕದಲ್ಲಿ. ಆ ಕಿರಿದಾದ ಹಳಿಯ ಮೇಲೆ ಧಾನ್ಯ, ರೇಷ್ಮೆಗೂಡು, ಜನ ಎಲ್ಲವೂ ಸಾಗಿದವು. ಕೋಲಾರ–ಚಿಕ್ಕಬಳ್ಳಾಪುರ ಮಾರ್ಗ 2013ರಲ್ಲಿ ಬ್ರಾಡ್‌ಗೇಜ್ ಆಗಿ ಮತ್ತೆ ಆರಂಭವಾಯಿತು.

ದಿವಾನಗಿರಿಯ ಅಂತ್ಯ ಮಾತ್ರ ಸುಖಕರವಾಗಿರಲಿಲ್ಲ. ಸರ್ಕಾರಿ ಉದ್ಯೋಗದಲ್ಲಿ ಬ್ರಾಹ್ಮಣೇತರರಿಗೆ ಸಾಕಷ್ಟು ಪ್ರಾತಿನಿಧ್ಯ ಒದಗಿಸುವ ದಾರಿ ಸೂಚಿಸಲು ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಅಳತೆಗೋಲಾಗಬೇಕೆಂಬ ನಿಲುವಿನ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರು ಹುದ್ದೆ ತೊರೆದರು. ಸಾಮಾಜಿಕ ನ್ಯಾಯದ ಚರಿತ್ರೆ ಬರೆದವರು ಈ ನಿಲುವನ್ನು ಟೀಕಿಸಿದ್ದಾರೆ. ಶಾಲೆಯ ಮೆಟ್ಟಿಲೇರುವ ಅವಕಾಶವೇ ತಲೆಮಾರುಗಳಿಂದ ಸಿಗದವರನ್ನು ಅರ್ಹತೆಯ ಒಂದೇ ಗಜದಿಂದ ಅಳೆಯುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಮಿಲ್ಲರ್ ಸಮಿತಿಯ ಶಿಫಾರಸುಗಳು ಇಂದಿನ ಮೀಸಲಾತಿ ವ್ಯವಸ್ಥೆಯ ಮೊದಲ ಹೆಜ್ಜೆಗಳಲ್ಲಿ ಒಂದೆಂದು ಗುರುತಿಸಲ್ಪಟ್ಟಿವೆ. ಮಹಾಪುರುಷರ ಜೀವನ ಬರೆಯುವಾಗ ಈ ಅಧ್ಯಾಯವನ್ನು ಹಾರಿಸಿ ಮುಂದೆ ಹೋಗುವುದು ಅವರಿಗೂ ಚರಿತ್ರೆಗೂ ಮಾಡುವ ಅನ್ಯಾಯ.

ಅಧಿಕಾರ ಬಿಟ್ಟರೂ ಕೆಲಸ ಬಿಡಲಿಲ್ಲ. ಭದ್ರಾವತಿಯಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಬೆಲೆ ಕುಸಿದು ನಷ್ಟದ ದಾರಿ ಹಿಡಿದಿತ್ತು. ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದು ಕಾರ್ಖಾನೆಯನ್ನು ಉಳಿಸಿದರು. ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಯುವಕರಿಗೆ ಕಸುಬು ಕಲಿಸುವ ಶಾಲೆಗೆ ಬಳಸುವಂತೆ ಕೋರಿದರು. ಆ ಶಾಲೆಗೆ ತಮ್ಮ ಹೆಸರಿಡಲು ಒಪ್ಪಲಿಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹುಟ್ಟಿದ್ದು ಹೀಗೆ.

ಮೊಕಾಮಾ ಘಾಟಿನಲ್ಲಿ

ಈಗ ಗಂಗೆಯ ಕಡೆ ಹೊರಳೋಣ. ಬಿಹಾರವನ್ನು ಗಂಗಾನದಿ ಪೂರ್ವ ಪಶ್ಚಿಮವಾಗಿ ಸೀಳಿಕೊಂಡು ಹರಿಯುತ್ತದೆ. ಸ್ವಾತಂತ್ರ್ಯ ಬಂದಾಗ ಆ ರಾಜ್ಯದ ಉದ್ದಕ್ಕೂ ಗಂಗೆಗೆ ಒಂದೇ ಒಂದು ಸೇತುವೆ ಇರಲಿಲ್ಲ. ಮೇಲೆ ಕಾಶಿಯಲ್ಲಿ 1887ರ ಸೇತುವೆ ಇತ್ತು. ಕೆಳಗೆ ಬಂಗಾಳದಲ್ಲಿ 1915ರ ಹಾರ್ಡಿಂಜ್ ಸೇತುವೆ ಇದ್ದರೂ ದೇಶವಿಭಜನೆಯಲ್ಲಿ ಅದು ಪೂರ್ವ ಪಾಕಿಸ್ತಾನಕ್ಕೆ ಸೇರಿಹೋಯಿತು. ಉತ್ತರ ಬಿಹಾರದ ಜನ ದಕ್ಷಿಣಕ್ಕೆ ಬರಬೇಕಾದರೆ ದೋಣಿ ಅಥವಾ ಸ್ಟೀಮರ್ ಹಿಡಿಯಬೇಕಿತ್ತು.

ಅಂತಹ ದಾಟುಗಳಲ್ಲಿ ಮೊಕಾಮಾ ಘಾಟ್ ಹೆಸರಾದದ್ದು. ದಕ್ಷಿಣ ದಡದಲ್ಲಿ ಬ್ರಾಡ್‌ಗೇಜ್, ಎದುರಿನ ಸಿಮರಿಯಾ ಘಾಟಿನಿಂದ ಮೀಟರ್‌ಗೇಜ್. ಒಂದು ರೈಲಿನಿಂದ ಇಳಿಸಿದ ಸರಕು ಹೊಳೆ ದಾಟಿ ಇನ್ನೊಂದು ರೈಲು ಹತ್ತಬೇಕು. ಹುಲಿಬೇಟೆಯ ಕತೆಗಳಿಂದ ನಮಗೆಲ್ಲ ಪರಿಚಿತರಾದ ಜಿಮ್ ಕಾರ್ಬೆಟ್ ಸುಮಾರು ಎರಡು ದಶಕ ಈ ಘಾಟಿನಲ್ಲಿ ಸರಕು ಸಾಗಣೆಯ ಗುತ್ತಿಗೆದಾರರಾಗಿದ್ದರು. ಧಾನ್ಯ, ಕಲ್ಲಿದ್ದಲು ಎಲ್ಲವೂ ಕೂಲಿಗಳ ತಲೆ, ಹೆಗಲುಗಳ ಮೇಲೆ ಸಾಗಿದ ಕಾಲವದು.

ಇಲ್ಲೊಂದು ಸೇತುವೆ ಬೇಕೆಂಬ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಎಲ್ಲಿ ಎಂಬುದೇ ಪ್ರಶ್ನೆ. ಮೆಕ್ಕಲು ಮಣ್ಣಿನ ಬಯಲಿನಲ್ಲಿ ಗಂಗೆ ಒಂದೇ ಪಾತ್ರದಲ್ಲಿ ನಿಲ್ಲುವ ನದಿಯಲ್ಲ. ಇಂದು ದಡವಾಗಿರುವುದು ಮುಂದೊಂದು ದಿನ ಮಡುವಾಗಬಹುದು. ಬಂಡೆ ಸಿಗದ ಮರಳಿನ ತಳದಲ್ಲಿ ಕಂಬಗಳಿಗಾಗಿ ಬಾವಿಯಾಕಾರದ ಅಡಿಪಾಯಗಳನ್ನು ಬಹು ಆಳಕ್ಕೆ ಇಳಿಸಬೇಕು. ಸೇತುವೆ ಕಟ್ಟಿದ ಮೇಲೆ ನದಿ ಪಕ್ಕಕ್ಕೆ ಸರಿದರೆ ಕೋಟಿಗಟ್ಟಲೆ ಹಣ ಸುರಿದ ಕಟ್ಟಡ ಮರಳಿನ ಮೇಲೆ ಅನಾಥವಾಗಿ ನಿಲ್ಲುತ್ತದೆ. ಆದ್ದರಿಂದ ದಡ ಗಟ್ಟಿಯಾಗಿರುವ, ಪಾತ್ರ ಹೆಚ್ಚು ಅಲುಗಾಡದ ಜಾಗ ಹುಡುಕಬೇಕು. ಜೊತೆಗೆ ಎರಡು ದಡಗಳ ರೈಲು, ರಸ್ತೆಗಳನ್ನು ಸುಲಭವಾಗಿ ಕೂಡಿಸುವಂತಿರಬೇಕು, ಖರ್ಚು ಮಿತಿಯಲ್ಲಿರಬೇಕು. ನಕ್ಷೆಯ ಮೇಲೆ ಗೆರೆ ಎಳೆದು ತೀರ್ಮಾನಿಸುವ ವಿಷಯ ಇದಲ್ಲ.

ಈ ಹೊಣೆ ಬಂದದ್ದು ವಿಶ್ವೇಶ್ವರಯ್ಯನವರಿಗೆ. ಆಗ ಅವರ ವಯಸ್ಸು ತೊಂಬತ್ತನ್ನು ಮೀರಿತ್ತು. ಕನ್ನಂಬಾಡಿಯ ಅಡಿಪಾಯ ಹಾಕಿ ನಾಲ್ಕು ದಶಕ ಕಳೆದಿದ್ದವು. ಮಾನ ಸನ್ಮಾನಗಳನ್ನೆಲ್ಲ ಕಂಡು ವಿಶ್ರಾಂತಿಯಲ್ಲಿರಬೇಕಾದ ಹಿರಿಯರು ಗಂಗೆಯ ದಡದ ಪ್ರಶ್ನೆಗೆ ಕುಳಿತರು. ಅವರ ಅಧ್ಯಯನವನ್ನು ಆಧರಿಸಿ ಮೊಕಾಮಾದಲ್ಲಿ ಸೇತುವೆಯ ಸ್ಥಳ ನಿಶ್ಚಯವಾಯಿತು.

ಸೇತುವೆಯನ್ನು ವಿನ್ಯಾಸಗೊಳಿಸಿ ಕಟ್ಟಿದ್ದು ಬ್ರೈತ್‌ವೇಟ್, ಬರ್ನ್ ಮತ್ತು ಜೆಸ್ಸಪ್ ಎಂಬ ಕಲ್ಕತ್ತಾದ ಕಂಪನಿ. ಹೌರಾ ಸೇತುವೆಯ ಉಕ್ಕಿನ ಕೆಲಸ ಮಾಡಿದ್ದೂ ಇದೇ. ಸುಮಾರು ಎರಡು ಕಿಲೋಮೀಟರ್ ಉದ್ದದ ಉಕ್ಕಿನ ಸೇತುವೆಯಲ್ಲಿ ಎರಡು ಸಾಲಿನ ರಸ್ತೆ, ಒಂದು ರೈಲು ಹಳಿ. 1959ರ ಮೇ ತಿಂಗಳಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಇದನ್ನು ಉದ್ಘಾಟಿಸಿದರು. ಬಿಹಾರದವರೇ ಆದ ಅಂದಿನ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಹೆಸರು ಅದಕ್ಕೆ ಸಂದಿತು. ಉತ್ತರ ದಡದ ಬರೌನಿಯಲ್ಲಿ 1960ರ ದಶಕದಲ್ಲಿ ತೈಲ ಶುದ್ಧೀಕರಣ ಕಾರ್ಖಾನೆ, ಆಮೇಲೆ ಗೊಬ್ಬರದ ಕಾರ್ಖಾನೆ ಬಂದವು. ಹೊಳೆ ದಾಟಲು ಸ್ಟೀಮರ್ ಕಾಯುತ್ತಿದ್ದ ಊರಿನ ಪಕ್ಕ ಕೈಗಾರಿಕಾ ಪಟ್ಟಣ ಬೆಳೆಯಲು ಸೇತುವೆ ದಾರಿ ಮಾಡಿತು. 1982ರಲ್ಲಿ ಪಾಟ್ನಾದಲ್ಲಿ ಮಹಾತ್ಮಾ ಗಾಂಧಿ ಸೇತುವೆ ತೆರೆಯುವವರೆಗೆ ಬಿಹಾರದಲ್ಲಿ ಗಂಗೆಯನ್ನು ದಾಟಿಸುವ ಸೇತುವೆ ಇದೊಂದೇ ಆಗಿತ್ತು.

ಆರು ದಶಕಗಳ ಭಾರ ಹೊತ್ತ ಉಕ್ಕು ದಣಿಯಿತು. ಸ್ಥಿತಿ ಹದಗೆಟ್ಟು ಭಾರಿ ವಾಹನಗಳು ಬೇರೆ ದಾರಿಯಲ್ಲಿ ಸುತ್ತಿಕೊಂಡು ಹೋಗಬೇಕಾಯಿತು. 2025ರ ಆಗಸ್ಟ್‌ನಲ್ಲಿ ಇದರ ಪಕ್ಕದಲ್ಲೇ ಔಂಟಾ–ಸಿಮರಿಯಾ ನಡುವೆ ಆರು ಪಥದ ಹೊಸ ರಸ್ತೆ ಸೇತುವೆ ಉದ್ಘಾಟನೆಯಾಯಿತು. ಹೊಸ ಸೇತುವೆಗೂ ಸಿಕ್ಕ ಜಾಗ ಹಳೆಯದರ ಮಗ್ಗುಲೇ ಎಂಬುದು ಗಮನಾರ್ಹ. ಅರ್ಧ ಶತಮಾನಕ್ಕೂ ಹಿಂದೆ ಮಾಡಿದ ಆಯ್ಕೆ ತಪ್ಪಾಗಿರಲಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕತೆಗಳು ಉಳಿದವು

1955ರಲ್ಲಿ ವಿಶ್ವೇಶ್ವರಯ್ಯನವರಿಗೆ ಭಾರತರತ್ನ ಸಂದಿತು. 1962ರ ಏಪ್ರಿಲ್ 14ರಂದು, ನೂರೊಂದು ವರ್ಷ ದಾಟಿ ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು. ಹುಟ್ಟೂರಿನಲ್ಲೇ ಅವರ ಸಮಾಧಿ ಇದೆ.

ಮುದ್ದೇನಹಳ್ಳಿಯಲ್ಲಿ ಅವರ ಮನೆ ಈಗ ವಸ್ತುಸಂಗ್ರಹಾಲಯ. ಕನ್ನಡಕ, ಲೇಖನಿ, ಬಟ್ಟಲು, ತಮ್ಮ ಭೇಟಿಪತ್ರ ಮುದ್ರಿಸಿಕೊಳ್ಳುತ್ತಿದ್ದ ಅಚ್ಚಿನ ಬ್ಲಾಕ್, ಪ್ರಶಸ್ತಿಗಳು, ಕನ್ನಂಬಾಡಿಯ ಮಾದರಿ ಇವೆಲ್ಲವನ್ನೂ ಕಾಣಬಹುದು. ನಂದಿಬೆಟ್ಟಕ್ಕೆ ಬಂದವರು ಹಿಂದಿರುಗುವಾಗ ಇಲ್ಲೊಮ್ಮೆ ಇಳಿದು ಹೋಗುವುದುಂಟು. ಪ್ರತಿ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನದ ಹಾರ ತುರಾಯಿಗಳೂ ಇರುತ್ತವೆ.

ಶಾಲಾಮಕ್ಕಳಿಗೆ ಸರ್ ಎಂ.ವಿ. ಬಗ್ಗೆ ಕತೆಗಳು ಗೊತ್ತು. ಸರ್ಕಾರಿ ಮೇಣದ ಬತ್ತಿ ಆರಿಸಿ ಸ್ವಂತದ ಬತ್ತಿ ಹಚ್ಚಿಕೊಂಡದ್ದು, ಓಡುವ ರೈಲಿನ ಸದ್ದಿನಿಂದಲೇ ಹಳಿ ಬಿರುಕುಬಿಟ್ಟಿದೆ ಎಂದು ಗುರುತಿಸಿದ್ದು. ಕತೆಗಳ ಸತ್ಯಾಸತ್ಯತೆ ಹೇಗಾದರೂ ಇರಲಿ, ಅವು ಮನುಷ್ಯನನ್ನು ಪವಾಡಪುರುಷನನ್ನಾಗಿ ಮಾಡುತ್ತವೆ. ಅವರ ಕೆಲಸ ಪವಾಡದ್ದಾಗಿರಲಿಲ್ಲ. ಧುಳೆಯ ಕೊಳವೆ, ಸಕ್ಕರಿನ ಬಾವಿ, ಖಡಕ್‌ವಾಸ್ಲಾದ ಬಾಗಿಲು, ಕನ್ನಂಬಾಡಿಯ ಅಡಿಪಾಯ, ಮೊಕಾಮಾದ ದಡ ಇವುಗಳಲ್ಲಿ ಎದ್ದು ಕಾಣುವುದು ಒಂದೇ ಗುಣ. ನದಿ ಏನು ಮಾಡುತ್ತದೆ, ಊರಿಗೆ ಏನು ಬೇಕು, ಕೈಯಲ್ಲಿ ಎಷ್ಟು ಹಣವಿದೆ ಎಂಬ ಮೂರನ್ನೂ ಅಳೆಯದೆ ಅವರು ಮೊದಲ ಕಲ್ಲು ಇಡುತ್ತಿರಲಿಲ್ಲ.

ಆ ಪರಂಪರೆಯ ಪಾಡು ಇಂದು ಹೇಗಿದೆ? ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಅವರ ಹೆಸರನ್ನೇ ಹೊತ್ತ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿದ್ದು ಕಾರ್ಮಿಕರು ಬೀದಿಗಿಳಿಯಬೇಕಾಯಿತು. ಸಮಾಧಾನದ ಸಂಗತಿಯೆಂದರೆ, ದೇವನಹಳ್ಳಿ, ಆವತಿ, ನಂದಿ ಹಾಲ್ಟ್‌ನಂತಹ ಪುಟ್ಟ ರೈಲಿನ ಕಾಲದ ನಿಲ್ದಾಣ ಕಟ್ಟಡಗಳನ್ನು ಉಳಿಸಿಕೊಳ್ಳಲು ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಮುಂದೆ ಬಂದಿದೆ. ಶತಮಾನದ ಹಿಂದಿನ ಕಲ್ಲುಗೋಡೆ, ಹೆಂಚಿನ ಮಾಡು ಬಿದ್ದುಹೋಗುವ ಮೊದಲು ಕಣ್ಣಿಗೆ ಬಿದ್ದವು ಎಂಬುದೇ ದೊಡ್ಡದು.

ಅವರ ಸೀಮೆಯ ನೀರಿನ ಪ್ರಶ್ನೆ ಮಾತ್ರ ಇನ್ನೂ ತೀರಿಲ್ಲ. ಕೆರೆಗಳು ಹೂಳು ತುಂಬಿ, ರಾಜಕಾಲುವೆಗಳು ಒತ್ತುವರಿಯಾಗಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಫ್ಲೋರೈಡ್ ಬೆರೆತ ನೀರು ಕುಡಿದ ಹಳ್ಳಿಗಳುಂಟು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ತುಂಬಿಸುವ ಯೋಜನೆಗಳು ಬಂದಿವೆ. ಆ ನೀರಿನ ಶುದ್ಧಿಯ ಬಗ್ಗೆ ರೈತರಲ್ಲಿ ಅನುಮಾನಗಳೂ ಇವೆ. ಪಶ್ಚಿಮಘಟ್ಟದಿಂದ ನೀರು ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಶಂಕುಸ್ಥಾಪನೆ ನಡೆಯಿತು. ಅದರ ಮೊದಲ ಹಂತ ಸಕಲೇಶಪುರದ ಬಳಿ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಹೊಳೆಯಲ್ಲಿ ನಿಜಕ್ಕೂ ಎಷ್ಟು ನೀರಿದೆ, ಘಟ್ಟದ ಕಾಡು ತೆರಬೇಕಾದ ಬೆಲೆ ಏನು, ಕೊನೆಭಾಗದ ಹಳ್ಳಿಗೆ ಎಷ್ಟು ಮುಟ್ಟುತ್ತದೆ ಎಂಬ ವಾದ ಇಂದಿಗೂ ನಡೆದಿದೆ. ಇವು ಮೊದಲ ಕಲ್ಲು ಇಡುವ ಮುನ್ನ ಅಳೆಯಬೇಕಾದ ಪ್ರಶ್ನೆಗಳು.

ಸಂಜೆಯ ರೈಲಿನಲ್ಲಿ ಚಿಂತಾಮಣಿಗೆ ಮರಳುವಾಗ ಅದೇ ಸಣ್ಣ ಸೇತುವೆಗಳು ಮತ್ತೆ ಎದುರಾಗುತ್ತವೆ. ಗಂಗೆಯ ಎರಡು ಕಿಲೋಮೀಟರ್ ಉಕ್ಕಿನ ಮುಂದೆ ಇವು ಏನೂ ಅಲ್ಲ. ಆದರೂ ಯಾರೋ ಒಬ್ಬ ಎಂಜಿನಿಯರ್ ಈ ಒಣ ಹಳ್ಳದ ದಡದಲ್ಲೂ ನಿಂತು, ಹತ್ತಾರು ವರ್ಷಕ್ಕೊಮ್ಮೆ ಬರಬಹುದಾದ ದೊಡ್ಡ ಮಳೆಯ ನೀರೆಷ್ಟು ಎಂದು ಲೆಕ್ಕ ಹಾಕಿ ಕಮಾನಿನ ಅಗಲ ಗೊತ್ತು ಮಾಡಿರುತ್ತಾನೆ. ಮುದ್ದೇನಹಳ್ಳಿಗೆ ಹೋದವರು ಸಮಾಧಿಗೆ ಕೈಮುಗಿದ ಬಳಿಕ ತಮ್ಮೂರ ಕೆರೆಯ ಕೋಡಿಯನ್ನೂ ಒಮ್ಮೆ ನೋಡಿಬರಲಿ. ಅದು ಮುಚ್ಚಿಹೋಗಿದ್ದರೆ ಬಿಡಿಸುವ ಕೆಲಸಕ್ಕೆ ಭಾರತರತ್ನರೇ ಬರಬೇಕಾಗಿಲ್ಲ.